ರೇಡಿಯೋ ಅಯೋಡಿನ್ ತೆಗೆದುಕೊಂಡ ಅಮ್ಮನನ್ನು ಎಷ್ಟು ದಿನ ದೂರ ಇಡಬೇಕು?

ಪ್ರಶ್ನೆ: ಅಮ್ಮನಿಗೆ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಗಿದೆ, ಮುಂದಿನ ತಿಂಗಳು ರೇಡಿಯೋ ಅಯೋಡಿನ್ ಕೊಡುತ್ತಾರೆ. ಆರು ತಿಂಗಳು ಬೇರೆ ಇಡಿ, ಪಾತ್ರೆ ಬಿಸಾಕಿ ಅಂತ ನೆಂಟರು ಹೇಳುತ್ತಿದ್ದಾರೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ.

ಉತ್ತರ: ಈ ಪ್ರಶ್ನೆ ಬಂದಾಗಲೆಲ್ಲ ಸಿಟ್ಟು ಬರುತ್ತದೆ, ನಿಮ್ಮ ಮೇಲಲ್ಲ, ಆ ನೆಂಟರ ಮೇಲೆ. ಹೋದ ವರ್ಷ ಚೆಕಪ್‌ಗೆ ಬಂದ ಒಬ್ಬ ಅಜ್ಜಿ, ಮೂರು ತಿಂಗಳಿಂದ ಸೊಸೆ ಹೊಸ್ತಿಲಾಚೆಯಿಂದ ತಟ್ಟೆ ತಳ್ಳುತ್ತಾಳೆ ಅಂತ ಅತ್ತರು. ಅಷ್ಟು ಹೊತ್ತಿಗೆ ಅವರ ಮೈಯಲ್ಲಿ ಹೆದರುವಂಥದ್ದು ಏನೂ ಉಳಿದಿರಲಿಲ್ಲ.

ಥೈರಾಯ್ಡ್ ಕೋಶಗಳು ಅಯೋಡಿನ್ ಕಂಡಲ್ಲಿ ಎಳೆದುಕೊಳ್ಳುತ್ತವೆ. ಆಪರೇಷನ್‌ನಲ್ಲಿ ಉಳಿದ ಚೂರುಗಳೂ ನಾವು ಕೊಡುವ ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್-131 ಎಳೆದುಕೊಂಡು ಅದರ ಬೀಟಾ ಕಿರಣಕ್ಕೆ ಸಾಯುತ್ತವೆ. ಆ ಕಿರಣ ಒಂದೆರಡು ಮಿಲಿಮೀಟರ್‌ಗಿಂತ ಆಚೆ ಹೋಗುವುದಿಲ್ಲ. ಮೈಯಿಂದ ಹೊರಗೆ ಬರುವುದು ಗಾಮಾ ಕಿರಣ, ಎಚ್ಚರಿಕೆಯೆಲ್ಲ ಅದಕ್ಕೇ. ಈ ಅಯೋಡಿನ್ 8 ದಿನಕ್ಕೊಮ್ಮೆ ಅರ್ಧವಾಗುತ್ತದೆ ಅಂತ ಓದಿ ಜನ ಗಾಬರಿಯಾಗುತ್ತಾರೆ, ಆದರೆ ಆಪರೇಷನ್ ಆದವರಲ್ಲಿ ಬಹುಪಾಲು ಮೊದಲ ಎರಡು ದಿನದಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಡೋಸ್ ಜಾಸ್ತಿ ಇದ್ದರೆ ಅಮ್ಮನನ್ನು ಪ್ರತ್ಯೇಕ ವಾರ್ಡಿನಲ್ಲಿ ಇಟ್ಟುಕೊಂಡು, ಒಂದು ಮೀಟರ್ ದೂರದಲ್ಲಿ ವಿಕಿರಣ ಅಳೆಯುವ ಯಂತ್ರ ಹಿಡಿದು ನೋಡಿ, ವಿಕಿರಣ ಇಳಿದ ಮೇಲೇ ಮನೆಗೆ ಕಳಿಸುತ್ತೇವೆ.

ಬಿಡುಗಡೆ ಚೀಟಿಯಲ್ಲಿ ಎಷ್ಟು ದಿನ ದೂರ ಅಂತ ಬರೆದಿರುತ್ತದೆ, ಅದನ್ನು ಚಾಚೂತಪ್ಪದೆ ಪಾಲಿಸಿ. ಬೇರೆ ಹಾಸಿಗೆ, ಟಾಯ್ಲೆಟ್‌ಗೆ ಎರಡು ಸಲ ನೀರು, ಪಾತ್ರೆ ಬಟ್ಟೆ ಬೇರೆ ತೊಳೆದರೆ ಸಾಕು, ಬಿಸಾಕಬೇಡಿ. ಮಗುವಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ಆ ದಿನಗಳಲ್ಲಿ ಅಜ್ಜಿಯ ತೊಡೆ ಬೇಡವೇ ಬೇಡ. ದೂರ ಎರಡರಷ್ಟಾದರೆ ಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ, ಬಾಗಿಲಲ್ಲಿ ನಿಂತು ಮಾತಾಡಿಸಲಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಮೊದಲೇ ಹೇಳಿ.

ಪ್ರಶ್ನೆ: ವಿಕಿರಣ ತೆಗೆಯಲು ಸಮುದ್ರಪಾಚಿ ಪುಡಿ ಒಳ್ಳೆಯದಂತೆ, ಈಗಲೇ ಶುರು ಮಾಡಬಹುದಾ?

ಉತ್ತರ: ಮುಟ್ಟಬೇಡಿ. ಅದರ ತುಂಬ ಅಯೋಡಿನ್. ಕೋಶಗಳು ಅದನ್ನೇ ತುಂಬಿಕೊಂಡರೆ ನಾವು ಕೊಟ್ಟದ್ದು ಒಳಗೆ ಹೋಗುವುದಿಲ್ಲ, ಚಿಕಿತ್ಸೆ ದಂಡ. ಇದನ್ನು ಮಾರುವವರು ರೋಗಿಯ ಕ್ಯಾನ್ಸರ್ ಜೊತೆ ಆಟವಾಡುತ್ತಿದ್ದಾರೆ. ನಾವು ಅಯೋಡಿನ್ ಉಪ್ಪನ್ನೇ ಒಂದೆರಡು ವಾರ ಬಿಡಿಸುತ್ತೇವೆ, ಅಂಥದ್ದರಲ್ಲಿ ಪಾಚಿ ಪುಡಿಯಾ?

ಪ್ರಶ್ನೆ: ಬೋನ್ ಸ್ಕ್ಯಾನ್ ಮಾಡಿಸಿದರೆ ಕೂದಲು ಉದುರುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ಕ್ಯಾನ್ಸರ್‌ಗೆ ಪೆಟ್ ಸ್ಕ್ಯಾನ್ ಹೇಳಿದ್ದಾರೆ. ಮುಂಚೆ ಒಂದೇ ಲೋಟ ಟೀ ಕುಡಿಯಬಹುದಾ?

ಉತ್ತರ: ಬೇಡ. ನಾವು ಚುಚ್ಚುವುದೇ ಸಕ್ಕರೆಯಂಥ ಔಷಧಿ, ನಿಮ್ಮ ಟೀ ಸಕ್ಕರೆ ಅದಕ್ಕೆ ಅಡ್ಡ ಬರುತ್ತದೆ. ಬರೀ ನೀರು ಕುಡಿಯಿರಿ. ಶುಗರ್ ಇದ್ದರೆ ಮಾತ್ರೆ, ಇನ್ಸುಲಿನ್ ಬಗ್ಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.