ಡಲ್ಲಾಸ್‌ನ ಹಲ್ಲುನೋವಿಗೆ ಬಸವನಗುಡಿಯ ಮದ್ದು

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ನನ್ನ ಮಗಳು ಮತ್ತು ಅಳಿಯ, ಇಬ್ಬರಿಗೂ ಒಳ್ಳೆಯ ಸಂಬಳವಿದ್ದರೂ, ಹಲ್ಲಿನ ರೂಟ್ ಕೆನಾಲ್ ಮಾಡಿಸಿಕೊಳ್ಳಲು ಬೆಂಗಳೂರಿಗೆ ಬರುವವರೆಗೂ ಕಾಯುತ್ತಾರೆ. ಕಳೆದ ವರ್ಷ ನಾನು ಅಲ್ಲಿದ್ದಾಗ, ವಾರಕ್ಕೊಮ್ಮೆ ಮನೆ ಶುಚಿಮಾಡಲು ಬರುತ್ತಿದ್ದ ಹೆಂಗಸು ಪಿತ್ತಕೋಶದ ಕಲ್ಲಿನಿಂದ ನರಳುತ್ತಿದ್ದರೂ, ವಿಮೆ ಇಲ್ಲವೆಂದು ಆಪರೇಷನ್ ಮುಂದೂಡುತ್ತಲೇ ಇದ್ದಳು. ಅಷ್ಟು ಸಿರಿವಂತ ದೇಶದಲ್ಲಿ ಹೀಗೇಕೆ, ಡಾಕ್ಟರೇ?
– ನಿವೃತ್ತ ಶಿಕ್ಷಕಿ, ಬಸವನಗುಡಿ

ಉತ್ತರ: ತಾವು ಒಂದೇ ಮನೆಯಲ್ಲಿ ಕಂಡ ಈ ಎರಡು ನೋವುಗಳು ಒಂದೇ ಬಗೆಯವಲ್ಲ. ತಮ್ಮ ಮಗಳಿಗೆ ವಿಮೆಯೂ ಇದೆ, ವಿಮಾನದ ಟಿಕೆಟೂ ಇದೆ, ಇಲ್ಲಿ ಪರಿಚಯದ ದಂತವೈದ್ಯರೂ ಇದ್ದಾರೆ. ಆ ಹೆಂಗಸಿಗೆ ಈ ಮೂರೂ ಇಲ್ಲ.

ಹಣ ಸಾಲದೆ ಹೀಗಾಗಿಲ್ಲ. ಅಮೆರಿಕವು ತನ್ನ ಒಟ್ಟು ಆಂತರಿಕ ಉತ್ಪನ್ನದ ಆರನೆಯ ಒಂದು ಪಾಲಿಗಿಂತ ಹೆಚ್ಚನ್ನು ಆರೋಗ್ಯಕ್ಕೇ ವ್ಯಯಿಸುತ್ತದೆ. ಆದರೂ 2023ರಲ್ಲಿ ಅಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಜನರಿಗೆ ವಿಮೆ ಇರಲಿಲ್ಲ. ಇದರ ಬೇರು ಎರಡನೆಯ ಮಹಾಯುದ್ಧದ ಕಾಲದ್ದು. 1942ರಲ್ಲಿ ಸರ್ಕಾರ ಸಂಬಳದ ಏರಿಕೆಗೆ ಕಡಿವಾಣ ಹಾಕಿದಾಗ, ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆ ಕೊಡತೊಡಗಿದವು. ಅದಕ್ಕೆ ತೆರಿಗೆ ವಿನಾಯಿತಿಯೂ ದೊರೆತು ವಿಮೆ ನೌಕರಿಗೆ ಅಂಟಿಕೊಂಡಿತು. 1945ರಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ರಾಷ್ಟ್ರೀಯ ವಿಮೆಯನ್ನು ಪ್ರಸ್ತಾಪಿಸಿದಾಗ ಅದನ್ನು ವಿರೋಧಿಸಿದವರಲ್ಲಿ ವೈದ್ಯರ ಸಂಘವೇ ಮುಂದಿತ್ತು ಎಂಬುದನ್ನು, ನಾನೂ ವೈದ್ಯನಾದ್ದರಿಂದ, ಸಂಕೋಚದಿಂದಲೇ ಬರೆಯುತ್ತಿದ್ದೇನೆ. 1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಯ್ಡ್ ಎಂಬ ಸರ್ಕಾರಿ ವಿಮೆಗಳು ಬಂದವು.

ಮನೆಮನೆಗೆ ಹೋಗಿ ದುಡಿಯುವವಳಿಗೆ ವಿಮೆ ಕೊಡುವ ಕಂಪನಿ ಇಲ್ಲ. ಅಂಥವರಿಗಾಗಿಯೇ ಒಬಾಮಾ ಕಾಲದ 2010ರ ಆರೋಗ್ಯ ಕಾನೂನು ಮೆಡಿಕೇಯ್ಡನ್ನು ವಿಸ್ತರಿಸಿತು. ಆದರೆ ವಿಸ್ತರಣೆ ಆಯಾ ರಾಜ್ಯದ ಇಚ್ಛೆಗೆ ಬಿಟ್ಟದ್ದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು, ಡಲ್ಲಾಸ್ ಇರುವ ಟೆಕ್ಸಸ್ ರಾಜ್ಯ ಒಲ್ಲೆನೆಂದಿತು. ಅಲ್ಲಿ ಮಕ್ಕಳಿಲ್ಲದ, ಅಂಗವೈಕಲ್ಯವೂ ಇಲ್ಲದ ವಯಸ್ಕರಿಗೆ ಎಷ್ಟೇ ಬಡತನವಿದ್ದರೂ ಸಾಮಾನ್ಯವಾಗಿ ಮೆಡಿಕೇಯ್ಡ್ ಸಿಗುವುದಿಲ್ಲ. ಬಡತನದ ರೇಖೆಗಿಂತ ಕೆಳಗಿನವರೆಲ್ಲ ಮೆಡಿಕೇಯ್ಡ್ ಸೇರುವರೆಂದು ಎಣಿಸಿದ್ದ ಆ ಕಾನೂನು, ವಿಮೆ ಕೊಳ್ಳಲು ಕೊಡುವ ಸಹಾಯಧನವನ್ನು ರೇಖೆಯ ಮೇಲಿನವರಿಗೆ ಮೀಸಲಿಟ್ಟಿತ್ತು. ಹೀಗಾಗಿ ಸ್ವಲ್ಪ ಹೆಚ್ಚು ಗಳಿಸುವವನಿಗೆ ನೆರವುಂಟು, ಕಡಿಮೆ ಗಳಿಸುವವನಿಗೆ ಇಲ್ಲ! ವಲಸೆಯ ದಾಖಲೆಪತ್ರಗಳಿಲ್ಲದವರಿಗೆ ಈ ಎರಡು ಬಾಗಿಲುಗಳೂ ಮುಚ್ಚಿವೆ.

ತುರ್ತು ಚಿಕಿತ್ಸೆ ಇದೆಯಲ್ಲ ಎಂದು ತಾವು ಕೇಳಬಹುದು. 1986ರ ಕಾನೂನಿನಂತೆ, ತುರ್ತು ವಿಭಾಗಕ್ಕೆ ಬಂದವರನ್ನು ಹಣವಿರಲಿ ಇಲ್ಲದಿರಲಿ ಪರೀಕ್ಷಿಸಿ, ಅಪಾಯದಿಂದ ಪಾರುಮಾಡಲೇಬೇಕು. ಆದರೆ ನೋವು ತಗ್ಗಿ, ಸೋಂಕಿಲ್ಲವೆಂದಾದರೆ ಕಲ್ಲು ತೆಗೆಯುವ ಹೊಣೆ ಆಸ್ಪತ್ರೆಗಿಲ್ಲ; ರೋಗಿ ಕಲ್ಲಿನ ಜೊತೆಗೆ ಬಿಲ್ಲನ್ನೂ ಹೊತ್ತು ಮನೆಗೆ ಮರಳುತ್ತಾಳೆ. ನಮ್ಮ ವಿಕ್ಟೋರಿಯಾ ಆಸ್ಪತ್ರೆಯ ಸರದಿಯನ್ನು ನೋಡಿದವರಾರೂ ಬೀಗಲಾರರು, ಆದರೆ ಇಲ್ಲಿ ಕಡೇಪಕ್ಷ ವಿಮೆಯಿಲ್ಲವೆಂದು ಯಾರೂ ಸರದಿಯಿಂದ ಆಚೆ ನಿಲ್ಲಬೇಕಿಲ್ಲ.

ತಮ್ಮ ಮಗಳು ಆಕೆಗೆ ಒಂದು ಉಪಕಾರ ಮಾಡಬಹುದು. ಡಲ್ಲಾಸ್ ಕೌಂಟಿಯ ಸಾರ್ವಜನಿಕ ಆಸ್ಪತ್ರೆಯಾದ ಪಾರ್ಕ್‌ಲ್ಯಾಂಡ್‌ನಲ್ಲಿ ವಿಮೆಯಿಲ್ಲದ ಸ್ಥಳೀಯರಿಗೆ ನೆರವಿನ ಯೋಜನೆಯಿದೆ. ತೆರಿಗೆ ವಿನಾಯಿತಿ ಪಡೆಯುವ ಲಾಭರಹಿತ ಆಸ್ಪತ್ರೆಗಳೂ ಬಡ ರೋಗಿಗಳ ನೆರವಿಗೆ ಲಿಖಿತ ನಿಯಮಗಳನ್ನು ಇಟ್ಟುಕೊಂಡಿರಲೇಬೇಕು. ಮೊದಲ ಬಿಲ್ಲು ಬಂದ 240 ದಿನಗಳವರೆಗೂ ಅರ್ಜಿ ಹಾಕಬಹುದು. ಇದು ತಿಳಿಯದೆ ಸಾಲ ಮಾಡಿ ತೀರಿಸುವವರೂ ಇದ್ದಾರೆ.

ಇನ್ನು ಮಗಳ ಹಲ್ಲು. ಅಲ್ಲಿ ದಂತವಿಮೆ ಸಾಮಾನ್ಯವಾಗಿ ಪ್ರತ್ಯೇಕವಾಗಿದ್ದು, ವರ್ಷಕ್ಕೆ ಒಂದೆರಡು ಸಾವಿರ ಡಾಲರಿಗೇ ನಿಂತುಬಿಡುತ್ತದೆ. ಆಕೆಯ ಲೆಕ್ಕಾಚಾರ ತಪ್ಪಲ್ಲ. ಆದರೆ ದವಡೆ ಊದಿಕೊಂಡು ಜ್ವರ ಬಂದರೆ ಟಿಕೆಟಿನ ತಾರೀಖು ನೋಡದೆ, ಅಂದೇ ಅಲ್ಲಿಯೇ ತೋರಿಸಲಿ.