ಕಂಪ್ಯೂಟರ್ ಕೇಳಿ–ಹೇಳಿ: ಹಳೇ ಪಿಸಿ, ಹೊಸ ವಿಂಡೋಸ್

ಪ್ರಶ್ನೆ: ನಮ್ದು ಅಸೆಂಬಲ್ ಮಾಡಿದ ಪಿಸಿ ಅದ. ಐ5-4460 ಪ್ರೊಸೆಸರ್, ಎಚ್81 ಬೋರ್ಡ್, 8 ಜಿಬಿ ರ್‍ಯಾಮ್, ಹಳೇ ಜಿಟಿ 210 ಗ್ರಾಫಿಕ್ಸ್ ಕಾರ್ಡ್. ರೂಫಸ್ ತಂತ್ರಾಂಶದಾಗ ಮಾಡಿದ ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಿದ ಮ್ಯಾಲ ಒಂದು ತಿಂಗಳು ಛಲೋ ನಡೀತು. ಯಾರೋ ಹೇಳಿದ್ರಂತ ಬಯಾಸ್‌ನಾಗ (ವಿಂಡೋಸ್ ಏಳೋ ಮೊದಲ ಬರೋ ಬೋರ್ಡಿನ ಸೆಟ್ಟಿಂಗ್) ಸಿಎಸ್‌ಎಂ ಬಂದ್ ಮಾಡಿದೆ. ಈಗ ಫ್ಯಾನ್ ತಿರಗ್ತದ, ಸ್ಕ್ರೀನ್ ಮಾತ್ರ ಕರ್ರಗ. ಬಯಾಸ್ ಸುದ್ದಾ ಬರಲ್ಲ. ಬೋರ್ಡ್ ಸುಟ್ಟದೇನ್ರಿ?
— ನೆಹರೂ ಗಂಜ್, ಕಲಬುರಗಿ

ಉತ್ತರ: ಬೋರ್ಡ್ ಬಹುತೇಕ ಸುಟ್ಟಿಲ್ಲ. ಸಿಎಸ್‌ಎಂ ಎಂದರೆ ಹಳೇ ಕಾಲದ ಕಾರ್ಡು, ಡಿಸ್ಕುಗಳಿಗಾಗಿ ಬೋರ್ಡ್ ಒಳಗೆ ಇಟ್ಟಿರುವ ದುಭಾಷಿ. ಅದನ್ನು ಬಂದ್ ಮಾಡಿದರೆ ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಭಾಷೆ ಬರುವ ಕಾರ್ಡಿಗೆ ಮಾತ್ರ ಚಿತ್ರ ತೋರಿಸಲು ಸಾಧ್ಯ. ಜಿಟಿ 210ರ ಕಾಲದ ಕಾರ್ಡುಗಳ ರೋಮ್ ಚಿಪ್‌ನಲ್ಲಿ (ROM) ಆ ಭಾಗವೇ ಇಲ್ಲ. ಕಂಪ್ಯೂಟರ್ ಒಳಗೆ ನಡೆಯುತ್ತಿರಬಹುದು, ನಿಮಗೆ ಕಾಣುತ್ತಿಲ್ಲ ಅಷ್ಟೇ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಪಕ್ಕಕ್ಕಿಡಿ. ಸ್ಲಾಟಿನ ತುದಿಯಲ್ಲಿರುವ ಚಿಲಕ ಒತ್ತದೆ ಎಳೆದರೆ ಸ್ಲಾಟೇ ಮುರಿಯುತ್ತದೆ, ಜೋಪಾನ. ಮಾನಿಟರ್ ಕೇಬಲ್ಲನ್ನು ಬೋರ್ಡಿನದೇ ವಿಜಿಎ ಅಥವಾ ಎಚ್‌ಡಿಎಂಐಗೆ ಹಾಕಿ. ಐ5-4460ರೊಳಗೆ ಗ್ರಾಫಿಕ್ಸ್ ಇದೆ. ಪ್ಲಗ್ ಹಾಕಿ ಚಾಲೂ ಮಾಡಿದಾಗಲೂ ಕಪ್ಪಾಗಿಯೇ ಇದ್ದರೆ, ಮತ್ತೆ ಪ್ಲಗ್ ಕಿತ್ತು ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಬಂದ ಕೂಡಲೇ ಮೂರು ನೋಡಿ: ತಾರೀಖು, ಸಿಎಸ್‌ಎಂ (ಚಾಲೂ ಇರಲಿ), ಸಾಟಾ ಮೋಡ್ (ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಪದ್ಧತಿ). ಮೊದಲು ಎಎಚ್‌ಸಿಐ ಇದ್ದದ್ದು ಐಡಿಇ ಆಗಿ ಕೂತಿದ್ದರೆ ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದು ನೀಲಿ ಪರದೆ ತೋರಿಸುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ.

ಅಸಲಿಗೆ ನಿಮಗೆ ಸಿಎಸ್‌ಎಂ ಬಂದ್ ಮಾಡುವ ದರಕಾರವೇ ಇರಲಿಲ್ಲ. ರೂಫಸ್‌ನಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್ (ಸಹಿ ಇರುವ ವಿಂಡೋಸನ್ನಷ್ಟೇ ಏಳಿಸುವ ಕಾವಲು) ಷರತ್ತು ತೆಗೆಯುವ ಗುರುತು ಹಾಕಿದ್ದರೆ ಲೆಗಸಿ ಮೋಡ್‌ನಲ್ಲೂ (ಹಳೇ ಬಯಾಸ್ ಪದ್ಧತಿ) ವಿಂಡೋಸ್ 11 ನಡೆಯುತ್ತದೆ. ಯುಇಎಫ್‌ಐಗೇ ಹೋಗಬೇಕೆಂದಿದ್ದರೆ ಮೊದಲು ಡಿಸ್ಕಿನ ಪಾರ್ಟಿಷನ್ (ಭಾಗ) ಪಟ್ಟಿಯನ್ನು ಹಳೇ ಎಂಬಿಆರ್ ಪದ್ಧತಿಯಿಂದ ಹೊಸ ಜಿಪಿಟಿಗೆ ಬದಲಿಸಿ, ಆಮೇಲೆ ಸಿಎಸ್‌ಎಂ ಮುಟ್ಟಿ. ವಿಂಡೋಸ್ ಜತೆಗೇ ಇದಕ್ಕೊಂದು ಕಮಾಂಡ್ ಬರುತ್ತದೆ, ಹೆಸರು 'ಎಂಬಿಆರ್ ಟು ಜಿಪಿಟಿ' (mbr2gpt). ಅದನ್ನು ಮೊದಲು 'ವ್ಯಾಲಿಡೇಟ್' ಎಂದು ಓಡಿಸಿ, ಪಾಸಾದರಷ್ಟೇ 'ಕನ್ವರ್ಟ್' ಎನ್ನಿ. ಆ ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ, ಇಲ್ಲವೇ ಲಾಜಿಕಲ್ ಪಾರ್ಟಿಷನ್ ಇದ್ದರೆ, ಅದು ಒಪ್ಪುವುದಿಲ್ಲ. ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಕತ್ತರಿಸಿಟ್ಟ ಪಿಸಿಗಳಲ್ಲಿ ಎಡವುವುದು ಇಲ್ಲೇ. ಲೆಕ್ಕದ ಫೈಲುಗಳನ್ನು ಮೊದಲೇ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ.

ಆ ಜಿಟಿ 210 ವಾಪಸ್ ಹಾಕಬೇಡಿ. 2016ರ ನಂತರ ಅದಕ್ಕೆ ಹೊಸ ಡ್ರೈವರ್ ಬಂದಿಲ್ಲ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಅದಕ್ಕಿಂತ ಚುರುಕು.

ಪ್ರಶ್ನೆ: ದಾಲ್ ಮಿಲ್ ಕಚೇರಿಯ ಪಿಸಿ ಮಧ್ಯಾಹ್ನ ಅರ್ಧ ತಾಸಿಗೊಮ್ಮೆ ಬಂದ್ ಬೀಳುತ್ತದೆ. ವಿಂಡೋಸ್ ದಾಖಲೆ ಇಡುವ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41'. ಮೈಕ್ರೋಸಾಫ್ಟ್ ಒಪ್ಪದ ಹಳೇ ಪಿಸಿಗೆ ವಿಂಡೋಸ್ 11 ಹಾಕಿದ್ದಕ್ಕೇ ಹೀಗೆ ಎನ್ನುತ್ತಾರೆ. ನಿಜವೇ?
— ಕಪನೂರ, ಕಲಬುರಗಿ

ಉತ್ತರ: 41 ಎಂದರೆ 'ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಯಿತು' ಎಂದಷ್ಟೇ. ಕಾರಣ ಅದು ಹೇಳುವುದಿಲ್ಲ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಬೀಳುತ್ತದೆ ಎಂದರೆ ವಿಂಡೋಸಿಗಿಂತ ಮೊದಲು ಶಾಖವನ್ನು ಹಿಡಿಯಿರಿ. ಶಾಖ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟು ಕೆಲಸ ಮಾಡಿ. ಕೋಣೆಯೇ 40 ಡಿಗ್ರಿ ಇದ್ದಾಗ ಪ್ರೊಸೆಸರ್ 50ರ ಮೇಲೆ ತೋರಿಸಿದರೆ ಗಾಬರಿ ಬೇಡ; 100ರ ಹತ್ತಿರ ಸುಳಿಯುತ್ತಿದ್ದರೆ ಕೂಲರ್ ಬಿಚ್ಚಲೇಬೇಕು.

ಮೇಲಿಂದ ಫ್ಯಾನ್ ಒರೆಸಿದರೆ ಏನೂ ಆಗದು. ತೊಗರಿ ಹೊಟ್ಟು, ಧೂಳು ಫ್ಯಾನಿನ ಕೆಳಗೆ, ಅಲ್ಯೂಮಿನಿಯಂ ಹಲ್ಲುಗಳ ಬಾಯಿಗೆ ಕಂಬಳಿಯಂತೆ ಕೂತಿರುತ್ತದೆ. ಇಂಟೆಲ್ ಕೂಲರಿನ ನಾಲ್ಕೂ ಪಿನ್ನುಗಳನ್ನು ಬಾಣದ ಗುರುತಿನ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲೆಳೆಯಿರಿ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದಿರಿ. ಪ್ರೊಸೆಸರ್ ಮೇಲೆ ಒಣಗಿದ ಪೇಸ್ಟನ್ನು (ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್) ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ನಡುವೆ ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಕಡಲೆಯಷ್ಟು ಬೇಡ. ಕೂಲರ್ ಕೂರಿಸುವ ಮೊದಲು ಪಿನ್ನುಗಳನ್ನು ಹಿಂದಕ್ಕೆ ತಿರುಗಿಸಿ, ಎದುರುಬದುರು ಮೂಲೆಯ ಎರಡೆರಡನ್ನು ಒಟ್ಟಿಗೆ ಟಕ್ ಎನ್ನುವವರೆಗೆ ಒತ್ತಿ. ಒಂದು ಪಿನ್ ಕೂರದಿದ್ದರೂ ಕೂಲರ್ ಒಂದು ಮೂಲೆಯಲ್ಲಿ ಎದ್ದಿರುತ್ತದೆ, ಮೊದಲಿಗಿಂತ ಬೇಗ ಕಾಯುತ್ತದೆ.

ಶಾಖ ಸರಿಯಿದ್ದೂ ಬಂದ್ ಬಿದ್ದರೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಬದಲಿಸಿ ನೋಡಿ. ಅದರ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಕೊಡುತ್ತದೆ.

ಪ್ರಶ್ನೆ: ಹಳೇ ಪಿಸಿಯಲ್ಲಿ ವಿಂಡೋಸ್ 11ರ 23ಎಚ್‌2 ಆವೃತ್ತಿ ಇದೆ. ತಿಂಗಳ ಅಪ್‌ಡೇಟ್ ಬರುತ್ತಿದ್ದವು, ಹೊಸ ಆವೃತ್ತಿ ಮಾತ್ರ ಬರಲೇ ಇಲ್ಲ.
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಷರತ್ತಿಗೆ ಹೊಂದದ ಯಂತ್ರಕ್ಕೆ ವರ್ಷದ ಆವೃತ್ತಿ ತಾನಾಗಿ ಬರುವುದಿಲ್ಲ. ಹೋಮ್, ಪ್ರೊಗಳಲ್ಲಿ 23ಎಚ್‌2ರ ಅಪ್‌ಡೇಟ್ ಅವಧಿ 2025ರ ನವೆಂಬರ್ 11ಕ್ಕೇ ಮುಗಿದಿದೆ, ತಡಮಾಡಬೇಡಿ. ಆದರೆ ಮೊದಲು ಪ್ರೊಸೆಸರ್ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ ಎಸ್‌ಎಸ್‌ಇ 4.2 (ಪ್ರೊಸೆಸರಿಗೆ ಗೊತ್ತಿರುವ ಆದೇಶಗಳ ಒಂದು ಗುಂಪು) ಇದೆಯೇ ನೋಡಿ. ನಂತರದ 24ಎಚ್‌2 ಆವೃತ್ತಿಯಿಂದ ಅದಿಲ್ಲದೆ ವಿಂಡೋಸ್ ಏಳುವುದೇ ಇಲ್ಲ. ಕೋರ್ 2 ಡ್ಯುಯೋ ಆಗಿದ್ದರೆ ಯಾವ ಉಪಾಯವೂ ನಡೆಯದು. ಎಸ್‌ಎಸ್‌ಇ 4.2 ಇದ್ದರೆ, ರೂಫಸ್ 4.6 ಅಥವಾ ಆಮೇಲಿನದರಲ್ಲಿ ಷರತ್ತು ತೆಗೆದ ಪೆನ್‌ಡ್ರೈವ್ ಮಾಡಿ. ಅದರಿಂದ ಬೂಟ್ ಮಾಡಬೇಡಿ. ವಿಂಡೋಸ್ ಒಳಗಿಂದಲೇ ಅದರಲ್ಲಿರುವ ಸೆಟಪ್ ಒತ್ತಿ, ಫೈಲು, ಆ್ಯಪ್ ಉಳಿಸುವ ಆಯ್ಕೆ ಕೊಡಿ. ಸಿ ಡ್ರೈವ್‌ನಲ್ಲಿ 30 ಜಿಬಿ ಖಾಲಿ ಇರಲಿ. ಹೊಂದದಿದ್ದರೆ ಹತ್ತು ದಿನದೊಳಗೆ ಹಿಂದಿನದಕ್ಕೆ ಮರಳಬಹುದು. ಕರೆಂಟ್ ನಂಬಿಕೆಯಿರುವ ಹೊತ್ತು ನೋಡಿ ಶುರುಮಾಡಿ, ಸಣ್ಣ ಯುಪಿಎಸ್ ಇಷ್ಟು ಹೊತ್ತು ತಾಳುವುದಿಲ್ಲ.

ಪ್ರಶ್ನೆ: ಐ5-10400ಎಫ್, ಆರ್‌ಟಿಎಕ್ಸ್ 3060 ಇರುವ ಪಿಸಿಗೆ ಮ್ಯಾಕ್‌ಒಎಸ್ ಹಾಕಬಹುದೇ?
— ಬೀದರ್

ಉತ್ತರ: ಬೇಡ. ಆಪಲ್ ಲೈಸೆನ್ಸ್ ಇದನ್ನು ಒಪ್ಪುವುದಿಲ್ಲ. ಅದು ಹಾಗಿರಲಿ, ಆರ್‌ಟಿಎಕ್ಸ್ ಕಾರ್ಡಿಗೆ ಮ್ಯಾಕ್‌ಒಎಸ್‌ನಲ್ಲಿ ಡ್ರೈವರೇ ಇಲ್ಲ, 'ಎಫ್' ಇರುವ ಪ್ರೊಸೆಸರಿನಲ್ಲಿ ಗ್ರಾಫಿಕ್ಸೂ ಇಲ್ಲ. ಇಂಟೆಲ್ ಯಂತ್ರಗಳಿಗೆ ಮ್ಯಾಕ್‌ಒಎಸ್ 26 ಕೊನೆಯದೆಂದು ಆಪಲ್ 2025ರಲ್ಲೇ ಹೇಳಿದೆ. ಐಫೋನ್ ಆ್ಯಪ್ ಕಲಿಯುವುದಿದ್ದರೆ ಸೆಕೆಂಡ್‌ಹ್ಯಾಂಡ್ ಎಂ1 ಮ್ಯಾಕ್ ಮಿನಿ ಹುಡುಕಿ.

ಪ್ರಶ್ನೆ: ಹೊಸ ವಿಂಡೋಸ್‌ನಲ್ಲಿ ತುಂಗಾ ಫಾಂಟ್ ಕಾಣೆ.
— ಹುಮನಾಬಾದ್

ಉತ್ತರ: ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಆರಿಸಿ, ನೆಟ್ ಇದ್ದರೆ ಇಳಿಯುತ್ತದೆ. ಹಳೇ ನುಡಿ ಫೈಲುಗಳು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರವಾಗಿ ಕಂಡರೆ ಅದಕ್ಕಿದು ಮದ್ದಲ್ಲ, ನುಡಿ ಫಾಂಟುಗಳನ್ನೇ ಮತ್ತೆ ಹಾಕಿ.