ರೋಗಿಗೆ ದಂಡ ಹಾಕುವ ಮೊದಲು

ಪ್ರಶ್ನೆ: ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಒಪಿಡಿಗೆ ಬರುತ್ತಿದ್ದ ಎಷ್ಟೋ ಜನರ ಮಾಸ್ಕ್ ಗದ್ದದ ಮೇಲಿರುತ್ತಿತ್ತು. ಅಂತರ ಇಲ್ಲ, ಕೈ ತೊಳೆಯುವುದಿಲ್ಲ. ಓದಿದವರೂ ಹೀಗೇ. ಇಂಥವರಿಗೆ ದಂಡ ಹಾಕಬೇಕಿತ್ತಲ್ಲವೇ?

ಉತ್ತರ: ಮೂಗಿನಿಂದ ಜಾರಿದ ಮಾಸ್ಕ್ ಸೋಂಕು ತಡೆಯುವುದಿಲ್ಲ, ನಿಮ್ಮ ಸಿಟ್ಟು ಸರಿ. ಆದರೆ ದಂಡದ ಮಾತು ನನಗೆ ಒಪ್ಪಿಗೆಯಿಲ್ಲ. ಇಷ್ಟು ಗಮನವಿಟ್ಟು ನೋಡುವ ನೀವು ಇನ್ನೂ ಸ್ವಲ್ಪ ನೋಡಬೇಕಿತ್ತು. ಮಾಸ್ಕ್ ಯಾವಾಗ ಕೆಳಗಿಳಿಯುತ್ತಿತ್ತು?

ಆಗ ನಾನೂ ಅಕ್ಕನ ಜೊತೆ ಒಂದು ಆಸ್ಪತ್ರೆಯಲ್ಲಿ ಕಾದಿದ್ದೆ. ಕೌಂಟರಿಗೆ ದಪ್ಪ ಗಾಜು. ಅಕ್ಕ ಹೆಸರು ಹೇಳಿದರು, ಒಳಗಿನವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದರು. ಕೊನೆಗೆ ಮಾಸ್ಕ್ ಇಳಿಸಿ ಕೂಗಿದರು. ಮಾಸ್ಕ್ ಹೆಚ್ಚು ಬೇಕಾದದ್ದೇ ಆ ಗಳಿಗೆಯಲ್ಲಿ! ಅಲ್ಲೊಂದು ಮೈಕ್ ಇದ್ದಿದ್ದರೆ ಸಾಕಿತ್ತು. ವೈದ್ಯರ ಬಾಗಿಲಲ್ಲಿ ಜನ ಮುತ್ತಿದ್ದರು. ಹೆಸರು ಮೆಲ್ಲಗೆ ಕರೆಯುತ್ತಿದ್ದರು, ಕೇಳಿಸದಿದ್ದರೆ ಸರದಿ ಹೋಯಿತು. ನೋವಿನಲ್ಲಿ ಬಂದವರು ದೂರ ಕೂರುತ್ತಾರಾ? ಸ್ಯಾನಿಟೈಸರ್ ಬಾಟಲಿ ಖಾಲಿ.

ಕೈ ತೊಳೆಯುವುದು ವೈದ್ಯರಿಗೂ ಸುಲಭವಾಗಿ ಬಂದ ಅಭ್ಯಾಸವಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕ್ಲೋರಿನ್ ಸುಣ್ಣದ ನೀರಿಟ್ಟು, ಕೈ ತೊಳೆದೇ ಒಳಗೆ ಬರಬೇಕು ಎಂದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಶೇ. 2ರ ಆಸುಪಾಸಿಗೆ ಇಳಿಯಿತು. ಆದರೂ ಎಷ್ಟೋ ವೈದ್ಯರು ಅವರ ಮಾತು ಒಪ್ಪಲಿಲ್ಲ. ವೈದ್ಯರೇ ಹೀಗಿದ್ದಾಗ ಜ್ವರದಲ್ಲಿ ಬಂದವರಿಂದ ಎಷ್ಟು ಬಯಸೋಣ? ಸೆಮ್ಮೆಲ್‌ವೈಸ್ ಆಜ್ಞೆ ಮಾಡಿದರು ನಿಜ, ಜೊತೆಗೆ ನೀರನ್ನೂ ಇಟ್ಟರು.

2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಕೋವಿಡ್‌ನಂತೆಯೇ ಕೊರೊನಾ ವೈರಸ್‌ನಿಂದ ಬರುವ ಮರ್ಸ್ ಎಂಬ ಉಸಿರಾಟದ ರೋಗ ಹರಡಿ 38 ಜನ ಸತ್ತರು. ಕಿಕ್ಕಿರಿದ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಾಸಿಗೆಗಾಗಿ ಕಾಯುತ್ತಿದ್ದ ಒಬ್ಬರೇ ರೋಗಿಯಿಂದ 80ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಅಲ್ಲಿ ಯಾರಿಗೆ ದಂಡ ಹಾಕುತ್ತೀರಿ? ಕಾಯಿಸಿದ್ದು ಯಾರು?

ನನಗೆ ನೋವಾಗುವುದು ಇಲ್ಲೇ. ಆಸ್ಪತ್ರೆ ಅಂತಲ್ಲ, ಎಲ್ಲ ಕಡೆಯೂ ಇದೇ ನಡೆ. ಗೋಡೆಗೆ ಒಂದು ಬೋರ್ಡ್ ಬರೆಸುತ್ತಾರೆ, ಪಾಲಿಸಲು ಬೇಕಾದ್ದನ್ನು ಕೊಡುವುದಿಲ್ಲ, ಆಮೇಲೆ ಜನಕ್ಕೆ ಶಿಸ್ತಿಲ್ಲ ಅಂತಾರೆ. ಆ ಮಾತನ್ನು ನಾವೂ ಸುಮ್ನೆ ನಂಬುತ್ತೇವೆ. ಸರದಿಯ ಸಮಯ ಮೊದಲೇ ಹೇಳಿ, ಕಿಟಕಿ ತೆರೆದಿಟ್ಟು, ಮಾಸ್ಕ್ ಇಲ್ಲದವರಿಗೆ ಬಾಗಿಲಲ್ಲೇ ಒಂದು ಕೊಟ್ಟು ನೋಡಲಿ. ಆಮೇಲೂ ಕೇಳದವರು ಇರುತ್ತಾರೆ, ಅವರ ಬಗ್ಗೆ ಆಗ ಮಾತಾಡೋಣ.

ಮುಂದೆ ಒಪಿಡಿಗೆ ಹೋದಾಗ ಕೌಂಟರ್, ಕಿಟಕಿ, ಕುರ್ಚಿಗಳನ್ನೂ ನೋಡಿ ಬಂದು ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಪೂರ್ತಿ ಅಚ್ಚು ಹಾಕುತ್ತೇನೆ.